ಬರ್ಗ್‌ಮನ್ ಪ್ರಭಾವ: ನಕಲು ಯಾವುದು, ಕಲಿಕೆ ಯಾವುದು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕಿ. ನಮ್ಮಲ್ಲಿ ವಿದ್ಯಾರ್ಥಿಗಳೇ ನಡೆಸುವ ಸಣ್ಣ ಚಿತ್ರಸಮಾಜವಿದೆ. ಮುಂದಿನ ಸೆಮಿಸ್ಟರಿನಲ್ಲಿ ಸ್ವೀಡನ್ನಿನ ನಿರ್ದೇಶಕ ಇಂಗ್ಮರ್ ಬರ್ಗ್‌ಮನ್ ಅವರ ಆರು ಚಿತ್ರಗಳನ್ನು ತೋರಿಸಬೇಕೆಂದಿದ್ದೇನೆ. ಪಟ್ಟಿ ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು, ಸಾವು, ದೇವರು, ಮೌನ ಬಿಟ್ಟರೆ ಅವರಲ್ಲಿ ಏನಿದೆ, ಹುಡುಗರು ಅರ್ಧಕ್ಕೇ ಎದ್ದು ಹೋಗುತ್ತಾರೆ ಎಂದರು. ಇನ್ನೊಬ್ಬರು, ಅವರು ಮೂಲತಃ ನಾಟಕದವರು, ಅವರ ಪ್ರಭಾವವೆಲ್ಲ ಉತ್ಪ್ರೇಕ್ಷೆ ಎಂದು ಅಮೆರಿಕದ ವಿಮರ್ಶಕರೇ ಬರೆದಿದ್ದಾರೆ ಎಂದರು. ವಿದ್ಯಾರ್ಥಿಗಳಲ್ಲಿ ಕೆಲವರು ಅವರು ನಾಜಿ ಬೆಂಬಲಿಗರಾಗಿದ್ದರು, ತೆರಿಗೆ ವಂಚಿಸಿದ್ದರು ಎಂದು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದಾರೆ. ಈ ನಡುವೆ ಕಿರುಚಿತ್ರ ಮಾಡುವ ಇಬ್ಬರು ಹುಡುಗರು ಕರಿ ನಿಲುವಂಗಿಯ ಸಾವು, ಚದುರಂಗದ ಹಲಗೆ ಎಲ್ಲವನ್ನೂ ಇಟ್ಟು ಚಿತ್ರ ತೆಗೆದು ತೋರಿಸಿದರು. ಇದನ್ನು ಪ್ರಭಾವ ಎನ್ನಲೋ, ನಕಲು ಎನ್ನಲೋ ತಿಳಿಯಲಿಲ್ಲ. ಈ ಸರಣಿಯನ್ನು ನಡೆಸಬಹುದೇ? ನಡೆಸುವುದಾದರೆ ಯಾವ ಚಿತ್ರದಿಂದ ಶುರು ಮಾಡಲಿ?

ಉತ್ತರ: ತಮ್ಮ ಪತ್ರದಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ. ವಿದ್ಯಾರ್ಥಿಗಳು ಕೂತು ನೋಡುವರೇ ಎಂಬುದು ಒಂದು, ಈ ನಿರ್ದೇಶಕರಿಗೆ ಇರುವ ಹೆಸರು ಇಂದಿಗೂ ನಿಲ್ಲುವಂಥದ್ದೇ ಎಂಬುದು ಎರಡನೆಯದು, ಇಂಥ ವ್ಯಕ್ತಿಯನ್ನು ತರಗತಿಗೆ ತರುವುದು ಸರಿಯೇ ಎಂಬುದು ಮೂರನೆಯದು. ಕಿರುಚಿತ್ರದ ಹುಡುಗರ ವಿಷಯವನ್ನು ತಾವು ಕೊನೆಯಲ್ಲಿ ಎತ್ತಿದ್ದೀರಿ. ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪ್ರಭಾವ ಎಂದರೇನೆಂಬುದು ಸ್ಪಷ್ಟವಾಗದೆ ಮಿಕ್ಕ ಪ್ರಶ್ನೆಗಳಿಗೆ ಉತ್ತರ ಹೇಳಲಾಗದು.

ಆ ಹುಡುಗರು ಎತ್ತಿಕೊಂಡಿರುವ ಚಿತ್ರಿಕೆ 1957ರ 'ದ ಸೆವೆಂತ್ ಸೀಲ್' ಚಿತ್ರದ್ದು. ಧರ್ಮಯುದ್ಧದಿಂದ ಮರಳಿದ ಯೋಧನೊಬ್ಬ ಪ್ಲೇಗು ಹಬ್ಬಿದ ನಾಡಿನ ಕಡಲತೀರದಲ್ಲಿ ಸಾವಿನೊಂದಿಗೆ ಚದುರಂಗಕ್ಕೆ ಕೂರುತ್ತಾನೆ. ಯೋಧನಾಗಿ ಮ್ಯಾಕ್ಸ್ ಫಾನ್ ಸಿಡೋ, ಸಾವಾಗಿ ಬೆಂಗ್ಟ್ ಏಕೆರೊಟ್ ನಟಿಸಿದ್ದರು. ಈ ಕಲ್ಪನೆ ಬರ್ಗ್‌ಮನ್ ಅವರ ತಲೆಯಲ್ಲಿ ಶೂನ್ಯದಿಂದ ಹುಟ್ಟಿದ್ದಲ್ಲ. ಸ್ಟಾಕ್‌ಹೋಮ್ ಬಳಿಯ ತೇಬಿ ಚರ್ಚಿನ ಛಾವಣಿಯಲ್ಲಿ 15ನೆಯ ಶತಮಾನದ ಚಿತ್ರಕಾರ ಆಲ್ಬರ್ಟಸ್ ಪಿಕ್ಟರ್ ಬರೆದ ಚಿತ್ರವೊಂದರಲ್ಲಿ ಸಾವು ಮನುಷ್ಯನೊಂದಿಗೆ ಚದುರಂಗ ಆಡುತ್ತಿದೆ. ಪಾದ್ರಿಯಾಗಿದ್ದ ತಂದೆ ಹಳ್ಳಿಯ ಚರ್ಚುಗಳಿಗೆ ಉಪದೇಶಕ್ಕೆಂದು ಹೋಗುವಾಗ ಹುಡುಗ ಇಂಗ್ಮರ್ ಜೊತೆಗೆ ಹೋಗಿ, ಉಪದೇಶದ ಹೊತ್ತಿನಲ್ಲಿ ಇಂಥ ಗೋಡೆ ಮತ್ತು ಛಾವಣಿಗಳನ್ನು ನೋಡುತ್ತ ಕೂರುತ್ತಿದ್ದುದಾಗಿ ಅವರೇ ಬರೆದಿದ್ದಾರೆ. ಮುಂದೆ ಮಾಲ್ಮೊ ನಗರದ ರಂಗಮಂದಿರದಲ್ಲಿದ್ದಾಗ, ಅಭಿನಯ ಕಲಿಯುತ್ತಿದ್ದ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಇದೇ ವಸ್ತುವಿನ ಏಕಾಂಕವೊಂದನ್ನು ಬರೆದರು. ಸಿನಿಮಾ ಬೆಳೆದದ್ದು ಅದರಿಂದ. ಹೀಗೆ ಒಂದು ಚರ್ಚಿನ ಚಿತ್ರ ನಾಟಕವಾಗಿ, ನಾಟಕ ಸಿನಿಮಾವಾಗಿ ಬಂದ ದಾರಿಯಲ್ಲಿ ಒಬ್ಬ ಮನುಷ್ಯನ ಬಾಲ್ಯ, ಅವನ ನಂಬಿಕೆ, ನಂಬಿಕೆಯೊಂದಿಗಿನ ಅವನ ಜಗಳ ಎಲ್ಲವೂ ಸೇರಿಕೊಂಡಿವೆ.

ಆದರೆ ತಮ್ಮ ಹುಡುಗರಿಗೆ ಆ ಚಿತ್ರಿಕೆ ಸಿಕ್ಕಿದ್ದು ಈ ದಾರಿಯಿಂದಲ್ಲ ಎಂದು ನನ್ನ ಊಹೆ. ಅಮೆರಿಕದ ನಿರ್ದೇಶಕ ವುಡಿ ಆಲೆನ್ 1975ರಲ್ಲೇ 'ಲವ್ ಆ್ಯಂಡ್ ಡೆತ್' ಚಿತ್ರದ ಕೊನೆಗೆ ಸಾವಿನೊಂದಿಗೆ ಕುಣಿದು ಅದನ್ನು ನಗೆಯಾಗಿಸಿದ್ದರು. 1991ರ ಹಾಲಿವುಡ್ ಹಾಸ್ಯಚಿತ್ರವೊಂದರಲ್ಲಿ ಇಬ್ಬರು ಪಡ್ಡೆ ಹುಡುಗರು ಸಾವಿನೊಂದಿಗೆ ಮಕ್ಕಳ ಆಟ ಆಡಿ ಅದನ್ನು ಸೋಲಿಸುತ್ತಾರೆ. ಆಮೇಲೆ ವ್ಯಂಗ್ಯಚಿತ್ರ, ಜಾಹೀರಾತು, ಈಗ ಮೀಮ್. ಇಷ್ಟು ಕೈ ದಾಟಿ ಬಂದ ಚಿತ್ರಿಕೆಯನ್ನು ಎತ್ತಿಕೊಂಡವರು ಬರ್ಗ್‌ಮನ್ ಅವರ ನಕಲು ಮಾಡುತ್ತಿಲ್ಲ, ಅವರ ಅಣಕದ ನಕಲು ಮಾಡುತ್ತಿದ್ದಾರೆ. ಹುಡುಗರನ್ನು ಇದಕ್ಕಾಗಿ ಗದರಬೇಡಿ. ಸಿನಿಮಾ ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳುವ ನನ್ನಂಥವರಿಗೆ ಇದು ತೀರ ಪರಿಚಿತ ಘಟ್ಟ. ಬಹುತೇಕ ಎಲ್ಲರೂ ಇದನ್ನು ದಾಟಿಯೇ ಬರುತ್ತಾರೆ. ದಾಟಿಸುವ ಉಪಾಯವೆಂದರೆ ಅದೇ ಚಿತ್ರದ ಕೊನೆಯ ದೃಶ್ಯವನ್ನು ತೆಗೆದ ಬಗೆಯನ್ನು ಅವರಿಗೆ ಹೇಳುವುದು.

ಗುಡ್ಡದ ಅಂಚಿನಲ್ಲಿ, ಆಕಾಶದ ಬೆಳಕಿಗೆ ಎದುರಾಗಿ, ಸಾವಿನ ಹಿಂದೆ ಕೈ ಕೈ ಹಿಡಿದು ಕುಣಿಯುತ್ತ ಹೋಗುವವರ ಆ ಸಾಲು ಜಗತ್ಪ್ರಸಿದ್ಧ. ಸ್ವೀಡನ್ನಿನ ದಕ್ಷಿಣದ ಹೋವ್ಸ್ ಹಲ್ಲಾರ್ ಎಂಬ ಕಡಲಂಚಿನ ಬಂಡೆಗಳ ಜಾಗದಲ್ಲಿ ಅಂದಿನ ಚಿತ್ರೀಕರಣ ಮುಗಿದು ನಟರಲ್ಲಿ ಹಲವರು ಹೊರಟುಹೋಗಿದ್ದರು. ಆಗ ವಿಚಿತ್ರವಾದೊಂದು ಮೋಡ ಎದ್ದಿತು. ಬರ್ಗ್‌ಮನ್ ಅವಸರವಸರವಾಗಿ ಸಹಾಯಕರಿಗೆ, ವಿದ್ಯುತ್ ಕೆಲಸದವರಿಗೆ, ಜೊತೆಗೆ ಅಲ್ಲಿಗೆ ವಿಹಾರಕ್ಕೆ ಬಂದಿದ್ದ ಒಂದಿಬ್ಬರಿಗೆ ನಟರ ಉಡುಪು ತೊಡಿಸಿ ಗುಡ್ಡ ಹತ್ತಿಸಿದರು. ಛಾಯಾಗ್ರಾಹಕ ಗುನ್ನಾರ್ ಫಿಶರ್ ಕ್ಯಾಮರಾ ಸಿದ್ಧಪಡಿಸಿಕೊಂಡು, ಮೋಡ ಕರಗುವ ಮುನ್ನ ದೃಶ್ಯವನ್ನು ಹಿಡಿದರು. ಜಗತ್ತು ತತ್ತ್ವಜ್ಞಾನವೆಂದು ವ್ಯಾಖ್ಯಾನಿಸುತ್ತ ಬಂದಿರುವ ಆ ನೆರಳುಗಳಲ್ಲಿ ಕೆಲವರಿಗೆ ತಾವು ಯಾವ ಕಥೆಯಲ್ಲಿದ್ದೇವೆ ಎಂಬುದೂ ತಿಳಿದಿರಲಿಲ್ಲ. ಇಡೀ ಚಿತ್ರ ಮುಗಿದದ್ದು 35 ದಿನಗಳಲ್ಲಿ, ಬಹುಪಾಲು ಸ್ಟುಡಿಯೋದಲ್ಲಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ಮಾತಿಲ್ಲದೆ ತಿಳಿಯುವ ತಂಡವಿದ್ದರೆ ಮಾತ್ರ ಹೀಗೆ ಮೋಡವೊಂದನ್ನು ಹಿಡಿಯಲು ಸಾಧ್ಯ. ಬರ್ಗ್‌ಮನ್ ಅವರಿಂದ ಕಲಿಯಬೇಕಾದುದು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮುಂದೆ ಇದಕ್ಕೆ ಮರಳುತ್ತೇನೆ.

ಮೊದಲು ವಿಷಾದದ ಆರೋಪವನ್ನು ನೋಡೋಣ. ಬರ್ಗ್‌ಮನ್ ಅವರಿಗೆ ಅಂತರರಾಷ್ಟ್ರೀಯ ಮನ್ನಣೆ ತಂದುಕೊಟ್ಟದ್ದು ಒಂದು ಪ್ರಣಯ ಪ್ರಹಸನ. 1955ರ 'ಸ್ಮೈಲ್ಸ್ ಆಫ್ ಎ ಸಮ್ಮರ್ ನೈಟ್' ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಕಾವ್ಯಾತ್ಮಕ ಹಾಸ್ಯಕ್ಕೆಂದೇ ಬಹುಮಾನ ಪಡೆಯಿತು. ಆ ಗೆಲುವು ಸಿಕ್ಕಿದ್ದರಿಂದಲೇ ನಿರ್ಮಾಣಸಂಸ್ಥೆ 'ದ ಸೆವೆಂತ್ ಸೀಲ್' ಮಾಡಲು ಒಪ್ಪಿಕೊಂಡಿತು. ಅಂದರೆ ಸಾವಿನ ಚಿತ್ರಕ್ಕೆ ಹಣ ಹುಟ್ಟಿದ್ದು ನಗೆಯ ಚಿತ್ರದಿಂದ. 1975ರಲ್ಲಿ ಅವರು ಮೊಜಾರ್ಟ್‌ನ 'ದ ಮ್ಯಾಜಿಕ್ ಫ್ಲೂಟ್' ಗೀತನಾಟಕವನ್ನು ಟಿವಿಗಾಗಿ ಮಾಡಿದರು. ಅದನ್ನು ಮಕ್ಕಳೊಂದಿಗೆ ಕೂತು ನೋಡಬಹುದು. 'ದ ಸೆವೆಂತ್ ಸೀಲ್' ಚಿತ್ರದಲ್ಲೇ ಬಾಯಿಬಡುಕ ಸೇವಕನಿದ್ದಾನೆ, ಊರೂರು ಅಲೆಯುವ ಬಡ ಕಲಾವಿದರ ಸಂಸಾರವಿದೆ, ಕಾಡುಹಣ್ಣು ಮತ್ತು ಹಾಲನ್ನು ಹಂಚಿಕೊಂಡು ತಿನ್ನುವ ಒಂದು ಸಂಜೆಯಿದೆ. ಕೊನೆಗೆ ಸಾವನ್ನು ತಪ್ಪಿಸಿಕೊಂಡು ಹೋಗುವುದು ಆ ಸಂಸಾರವೇ.

ಹಾಗಾದರೆ ಈ ಹೆಸರು ಬಂದದ್ದೆಲ್ಲಿಂದ? ಬಹುಮಟ್ಟಿಗೆ ಮಾರಾಟದಿಂದ ಎನ್ನಬೇಕು. 1953ರ 'ಸಮ್ಮರ್ ವಿತ್ ಮೋನಿಕಾ' ಚಿತ್ರವನ್ನು ಅಮೆರಿಕದಲ್ಲಿ ಕ್ರೋಗರ್ ಬ್ಯಾಬ್ ಎಂಬ ವಿತರಕರು ಕತ್ತರಿಸಿ, ಕೆಟ್ಟ ಹುಡುಗಿಯ ಕಥೆ ಎಂಬ ಹಣೆಪಟ್ಟಿ ಹಚ್ಚಿ, ನಗ್ನತೆಯ ಆಸೆ ತೋರಿಸಿ ಓಡಿಸಿದರು. ಕೆಲವೇ ವರ್ಷಗಳಲ್ಲಿ ಜೇನಸ್ ಫಿಲ್ಮ್ಸ್ ಎಂಬ ಸಂಸ್ಥೆ ಇದೇ ನಿರ್ದೇಶಕರನ್ನು ವಿಶ್ವವಿದ್ಯಾಲಯಗಳ ಆಸುಪಾಸಿನ ಚಿತ್ರಮಂದಿರಗಳಿಗೆ ಗಂಭೀರ ಚಿಂತಕರೆಂದು ಪರಿಚಯಿಸಿತು. ಮನುಷ್ಯ ಒಬ್ಬನೇ, ಪೊಟ್ಟಣ ಎರಡು. ಎರಡನೆಯ ಪೊಟ್ಟಣ ಗೆದ್ದಿತು. 1960ರ ದಶಕದ ಆರಂಭದಲ್ಲಿ ಬಂದ 'ಥ್ರೂ ಎ ಗ್ಲಾಸ್ ಡಾರ್ಕ್ಲಿ', 'ವಿಂಟರ್ ಲೈಟ್', 'ದ ಸೈಲೆನ್ಸ್' ಚಿತ್ರಗಳು ದೇವರ ಮೌನವನ್ನು ಕುರಿತು ಇದ್ದುದರಿಂದ ಆ ಹೆಸರು ಗಟ್ಟಿಯಾಯಿತು. ತಮ್ಮ ಸಹೋದ್ಯೋಗಿ ಹೇಳಿದ್ದು ಈ ಕೆಲವು ವರ್ಷಗಳ ಮಟ್ಟಿಗೆ ನಿಜ, ಸುಮಾರು 6 ದಶಕಗಳ ಕೆಲಸಕ್ಕೆ ಅನ್ವಯಿಸಿದರೆ ತಪ್ಪು.

ಪ್ರಭಾವದ ಬಗ್ಗೆ ಹರಡಿರುವ ಇನ್ನೊಂದು ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಚರ್ಚೆಯಲ್ಲಿ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ. 1973ರಲ್ಲಿ ಸ್ವೀಡನ್ ಟಿವಿಯಲ್ಲಿ ಆರು ಕಂತುಗಳಾಗಿ ಬಂದ 'ಸೀನ್ಸ್ ಫ್ರಮ್ ಎ ಮ್ಯಾರೇಜ್' ನೋಡಿ ಅಲ್ಲಿ ವಿಚ್ಛೇದನಗಳು ಏಕಾಏಕಿ ಹೆಚ್ಚಿದವು ಎನ್ನುತ್ತಾರೆ. ಮರುವರ್ಷ ವಿಚ್ಛೇದನಗಳು ಹೆಚ್ಚಿದ್ದು ಹೌದು. ಆದರೆ 1974ರ ಜನವರಿಯಿಂದ ಸ್ವೀಡನ್ನಿನಲ್ಲಿ ಹೊಸ ವಿವಾಹ ಕಾನೂನು ಜಾರಿಗೆ ಬಂದು, ಯಾರ ತಪ್ಪು ಎಂದು ಸಾಬೀತು ಮಾಡುವ ಅಗತ್ಯವಿಲ್ಲದೆ, ಒಬ್ಬರು ಬಯಸಿದರೂ ವಿಚ್ಛೇದನ ಸಿಗುವಂತಾಗಿತ್ತು. ಕಾನೂನು ಮಾಡಿದ ಕೆಲಸವನ್ನು ಟಿವಿ ಧಾರಾವಾಹಿಯ ಖಾತೆಗೆ ಬರೆಯುವುದು ಸರಿಯಲ್ಲ. ಜನ ತಮ್ಮ ದಾಂಪತ್ಯದ ಬಗ್ಗೆ ಮನೆಯಲ್ಲಿ ಮಾತಾಡತೊಡಗಿದರು ಎಂಬಷ್ಟನ್ನು ಬೇಕಾದರೆ ಒಪ್ಪಬಹುದು.

ಎರಡನೆಯ ಸಹೋದ್ಯೋಗಿಯ ಆಕ್ಷೇಪ ಹೆಚ್ಚು ತೂಕದ್ದು. ಬರ್ಗ್‌ಮನ್ 2007ರ ಜುಲೈ 30ರಂದು, ಇಟಲಿಯ ನಿರ್ದೇಶಕ ಮಿಕೆಲಾಂಜೆಲೊ ಆಂಟೋನಿಯೋನಿ ತೀರಿಕೊಂಡ ದಿನವೇ, ತೀರಿಕೊಂಡರು. ಕೆಲವೇ ದಿನಗಳಲ್ಲಿ ವಿಮರ್ಶಕ ಜೊನಾಥನ್ ರೋಸೆನ್‌ಬಾಮ್ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಕಟುವಾದ ಲೇಖನ ಬರೆದರು. ಬರ್ಗ್‌ಮನ್ ಅವರ ನಿಜವಾದ ಬಲ ರಂಗಭೂಮಿಯದು, ಡೆನ್ಮಾರ್ಕಿನ ನಿರ್ದೇಶಕ ಡ್ರೈಯರ್ ಅಥವಾ ಫ್ರಾನ್ಸಿನ ಬ್ರೆಸ್ಸೋನ್ ಅವರಂತೆ ಸಿನಿಮಾದ ಭಾಷೆಯನ್ನೇ ಬದಲಿಸಿದವರಲ್ಲ, ಇಂದು ಅವರನ್ನು ಮೊದಲಿನಂತೆ ಪಾಠ ಮಾಡುವುದೂ ಇಲ್ಲ ಎಂಬುದು ಅದರ ಸಾರ. ಇದರಲ್ಲಿ ಮೊದಲ ಮಾತು ಅರ್ಧ ನಿಜ. ಬರ್ಗ್‌ಮನ್ 170ಕ್ಕೂ ಹೆಚ್ಚು ರಂಗಪ್ರಯೋಗಗಳನ್ನು ನಿರ್ದೇಶಿಸಿದ್ದರು, ಸ್ವೀಡನ್ನಿನ ರಾಷ್ಟ್ರೀಯ ರಂಗಮಂದಿರವಾದ ಡ್ರಾಮಾಟೆನ್‌ನ ಮುಖ್ಯಸ್ಥರಾಗಿದ್ದರು, ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್ ಅವರ ನಾಟಕಗಳನ್ನು ಬದುಕಿಡೀ ಮತ್ತೆ ಮತ್ತೆ ಆಡಿಸಿದರು. ಆದರೆ ರಂಗಭೂಮಿಯವರು ಎಂಬುದರಿಂದ ಅವರ ಸಿನಿಮಾ ಕ್ಯಾಮರಾ ಇಟ್ಟು ತೆಗೆದ ನಾಟಕ ಎಂದು ತೀರ್ಮಾನಿಸಲಾಗದು.

ಇದಕ್ಕೆ ಒಂದು ಉದಾಹರಣೆ ಸಾಕು. 1966ರ 'ಪರ್ಸೋನಾ' ಚಿತ್ರದಲ್ಲಿ ಮಾತು ನಿಲ್ಲಿಸಿರುವ ನಟಿ ಎಲಿಸಬೆತ್ ಆಗಿ ಲಿವ್ ಉಲ್ಮನ್, ಅವಳನ್ನು ನೋಡಿಕೊಳ್ಳುವ ನರ್ಸ್ ಆಲ್ಮಾ ಆಗಿ ಬೀಬಿ ಆ್ಯಂಡರ್ಸನ್ ಇದ್ದಾರೆ. ಕೊನೆಗೆ ಸಮೀಪಿಸುವಾಗ ಆಲ್ಮಾ, ಎಲಿಸಬೆತ್ ತನ್ನ ಮಗುವನ್ನು ಬೇಡವೆಂದುಕೊಂಡ ಕಥೆಯನ್ನು ಅವಳ ಎದುರಿಗೇ ಹೇಳುತ್ತಾಳೆ. ಕ್ಯಾಮರಾ ಆ ಹೊತ್ತೆಲ್ಲ ಕೇಳುವವಳ ಮುಖದ ಮೇಲಿರುತ್ತದೆ, ಹಂತಹಂತವಾಗಿ ಹತ್ತಿರ ಬರುತ್ತದೆ. ಮಾತು ಮುಗಿಯುತ್ತದೆ. ಆಮೇಲೆ ಅದೇ ಮಾತು ಮೊದಲಿನಿಂದ ಮತ್ತೆ ಶುರುವಾಗುತ್ತದೆ, ಈ ಸಲ ಕ್ಯಾಮರಾ ಹೇಳುವವಳ ಮುಖದ ಮೇಲೆ. ಎರಡನೆಯ ಸಲ ಕೇಳುವಾಗ ಇದು ಆರೋಪವೋ, ಹೇಳುವವಳದೇ ತಪ್ಪೊಪ್ಪಿಗೆಯೋ ಎಂಬ ಅನುಮಾನ ಹುಟ್ಟುತ್ತದೆ. ಕೊನೆಯಲ್ಲಿ ಇಬ್ಬರ ಅರ್ಧರ್ಧ ಮುಖ ಸೇರಿ ಒಂದೇ ಮುಖವಾಗುತ್ತದೆ. ರಂಗದ ಮೇಲೆ ಪ್ರೇಕ್ಷಕ ಯಾರ ಮುಖ ಬೇಕಾದರೂ ನೋಡಿಕೊಳ್ಳುತ್ತಾನೆ. ಇಲ್ಲಿ ಅವನಿಂದ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡು, ಕಿತ್ತುಕೊಂಡದ್ದರಿಂದಲೇ ಅರ್ಥ ಹುಟ್ಟಿಸಲಾಗಿದೆ. ನಾಟಕದಲ್ಲಿ ಸಾಧ್ಯವಿಲ್ಲದ ಕೆಲಸವಿದು. ತಮ್ಮ ಸಹೋದ್ಯೋಗಿಗೆ ಈ ದೃಶ್ಯವೊಂದನ್ನು ತೋರಿಸಿ ಸುಮ್ಮನಿದ್ದರೂ ಸಾಕು.

ಬೆಳಕಿನ ವಿಷಯವೂ ಹೀಗೆಯೇ. ಗುನ್ನಾರ್ ಫಿಶರ್ ಅವರ ಕಾಲದ ಚಿತ್ರಗಳಲ್ಲಿ ಕಪ್ಪು ಬಿಳುಪುಗಳ ವೈದೃಶ್ಯ ತೀಕ್ಷ್ಣವಾಗಿದೆ. 1960ರ 'ದ ವರ್ಜಿನ್ ಸ್ಪ್ರಿಂಗ್' ಚಿತ್ರದಿಂದ ಸ್ವೆನ್ ನೈಕ್ವಿಸ್ಟ್ ಅವರ ಕಾಯಂ ಛಾಯಾಗ್ರಾಹಕರಾದರು. 1963ರ 'ವಿಂಟರ್ ಲೈಟ್' ಚಿತ್ರಕ್ಕೆ ಮುನ್ನ ಇಬ್ಬರೂ ಹಳ್ಳಿಯ ಚರ್ಚಿನಲ್ಲಿ ಚಳಿಗಾಲದ ನಡುಹಗಲಿನಲ್ಲಿ ಕೂತು, ಕಿಟಕಿಯಿಂದ ಬರುವ ಬೆಳಕು ಗಳಿಗೆ ಗಳಿಗೆಗೆ ಹೇಗೆ ಬದಲಾಗುತ್ತದೆಂದು ನೋಡುತ್ತಿದ್ದರು, ಫೋಟೋ ತೆಗೆದುಕೊಳ್ಳುತ್ತಿದ್ದರು. ಮೋಡ ಮುಚ್ಚಿದ ಹಗಲಿನಲ್ಲಿ ನೆರಳೇ ಬೀಳುವುದಿಲ್ಲ ಎಂಬುದು ಅವರಿಗೆ ಹೊಳೆಯಿತು. ಚಿತ್ರಕ್ಕಾಗಿ ಚರ್ಚಿನ ಒಳಭಾಗವನ್ನು ಸ್ಟುಡಿಯೋದಲ್ಲಿ ಕಟ್ಟಿ, ಅದೇ ನೆರಳಿಲ್ಲದ ಬೆಳಕನ್ನು, ನೇರವಾಗಿ ಬೀಳದೆ ಪುಟಿದು ಬರುವ ದೀಪದ ಬೆಳಕಿನಿಂದ ತಂದರು. ಒಳಾಂಗಣವನ್ನು ಸಹಜ ಬೆಳಕಿನಂತೆ ಬೆಳಗಿಸುವ ಇಂದಿನ ರೂಢಿಯ ಹಿಂದೆ ನೈಕ್ವಿಸ್ಟ್ ಅವರ ಪಾಲು ದೊಡ್ಡದು. 'ಕ್ರೈಸ್ ಆ್ಯಂಡ್ ವಿಸ್ಪರ್ಸ್' ಮತ್ತು 'ಫ್ಯಾನಿ ಆ್ಯಂಡ್ ಅಲೆಕ್ಸಾಂಡರ್' ಚಿತ್ರಗಳಿಗಾಗಿ ಅವರಿಗೆ ಎರಡು ಆಸ್ಕರ್ ಬಂದವು. ಮುಂದೆ ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ, ವುಡಿ ಆಲೆನ್ ಅಂಥವರು ಅವರನ್ನು ಕರೆಸಿಕೊಂಡರು.

ಇನ್ನು ಆ ಕಲಿಕೆಯ ವಿಷಯ. ಬರ್ಗ್‌ಮನ್ ಅವರನ್ನು ಒಂಟಿ ಪ್ರತಿಭೆ ಎಂದು ವರ್ಣಿಸುವುದು ವಾಡಿಕೆ, ಆದರೆ ಅವರ ಹಿಂದೆ ಒಂದು ವ್ಯವಸ್ಥೆ ಇತ್ತು. ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಸ್ವೀಡನ್ನಿನಲ್ಲಿ ಸ್ಟುಡಿಯೋಗಳು ನಿಲ್ಲಲಿಲ್ಲ. ಸ್ವೆನ್ಸ್ಕ್ ಫಿಲ್ಮ್‌ಇಂಡಸ್ಟ್ರಿ ಎಂಬ ದೊಡ್ಡ ಸಂಸ್ಥೆ ಯುವಕ ಬರ್ಗ್‌ಮನ್ ಅವರನ್ನು ಚಿತ್ರಕಥಾ ವಿಭಾಗದಲ್ಲಿ ಸಂಬಳಕ್ಕೆ ಇಟ್ಟುಕೊಂಡಿತು. 1946ರಲ್ಲಿ ನಿರ್ದೇಶಿಸಿದ ಮೊದಲ ಚಿತ್ರ 'ಕ್ರೈಸಿಸ್' ಸೋತರೂ ಮುಂದೆ ಚಿತ್ರಗಳು ಸಿಕ್ಕವು. ಚಳಿಗಾಲದಲ್ಲಿ ನಾಟಕ, ಬೇಸಿಗೆಯಲ್ಲಿ ಸಿನಿಮಾ ಎಂಬ ಕ್ರಮ ಬೆಳೆಯಿತು. ರಂಗದ ಮೇಲೆ ತಿಂಗಳುಗಟ್ಟಲೆ ಜೊತೆಗೆ ದುಡಿದ ಮ್ಯಾಕ್ಸ್ ಫಾನ್ ಸಿಡೋ, ಹ್ಯಾರಿಯೆಟ್ ಆ್ಯಂಡರ್ಸನ್, ಬೀಬಿ ಆ್ಯಂಡರ್ಸನ್, ಇಂಗ್ರಿಡ್ ತುಲೀನ್ ಅವರೇ ಬೇಸಿಗೆಯಲ್ಲಿ ಕ್ಯಾಮರಾ ಮುಂದೆ ನಿಲ್ಲುತ್ತಿದ್ದರು. ನಾಟಕ ಕಂಪನಿಯ ಒಗ್ಗಟ್ಟನ್ನು ಸಿನಿಮಾಕ್ಕೆ ತಂದರು ಎಂದರೆ ಕನ್ನಡದ ಓದುಗರಿಗೆ ಬೇಗ ಅರ್ಥವಾಗುತ್ತದೆ.

ಕಷ್ಟದ ಕಾಲವೂ ಇತ್ತು. 1951ರಲ್ಲಿ ಭಾರಿ ಮನರಂಜನಾ ತೆರಿಗೆಯನ್ನು ಪ್ರತಿಭಟಿಸಿ ನಿರ್ಮಾಪಕರು ಚಿತ್ರನಿರ್ಮಾಣವನ್ನೇ ನಿಲ್ಲಿಸಿದಾಗ, ಮಕ್ಕಳು ಮರಿಗಳ ಹೊಣೆ ಹೊತ್ತಿದ್ದ ಬರ್ಗ್‌ಮನ್ ಬ್ರಿಸ್ ಎಂಬ ಸಾಬೂನಿಗೆ ಒಂಬತ್ತು ಜಾಹೀರಾತು ಚಿತ್ರ ಮಾಡಿದರು. ಅವುಗಳಲ್ಲೊಂದರಲ್ಲಿ ಹದಿಹರೆಯದ ಬೀಬಿ ಆ್ಯಂಡರ್ಸನ್ ಇದ್ದಾರೆ. ತೆರಿಗೆಯ ಈ ಜಗಳ ಮುಂದೆ ಒಳ್ಳೆಯದನ್ನೇ ಮಾಡಿತು. 1963ರಲ್ಲಿ ಹ್ಯಾರಿ ಶೈನ್ ಅವರ ಯೋಜನೆಯಂತೆ ಮನರಂಜನಾ ತೆರಿಗೆ ತೆಗೆದು, ಬದಲಿಗೆ ಟಿಕೆಟ್ ಹಣದ ಶೇ 10ರಷ್ಟನ್ನು ಹೊಸ ಸ್ವೀಡಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಕೊಟ್ಟು, ಅದರಲ್ಲೊಂದು ಪಾಲನ್ನು ಗುಣಮಟ್ಟದ ಚಿತ್ರಗಳಿಗೆ ಹಂಚುವ ವ್ಯವಸ್ಥೆ ಬಂತು. ಹಾಗಿದ್ದೂ 1972ರ 'ಕ್ರೈಸ್ ಆ್ಯಂಡ್ ವಿಸ್ಪರ್ಸ್' ಚಿತ್ರಕ್ಕೆ ಹಣ ಸಾಲದೆ ಮುಖ್ಯ ನಟಿಯರೂ ನೈಕ್ವಿಸ್ಟ್ ಅವರೂ ತಮ್ಮ ಸಂಭಾವನೆಯನ್ನೇ ಬಂಡವಾಳವಾಗಿ ಬಿಟ್ಟುಕೊಟ್ಟರು. ಅಮೆರಿಕದಲ್ಲಿ ಅದನ್ನು ಬಿಡುಗಡೆ ಮಾಡಿದ್ದು, ಅಗ್ಗದ ಭಯಾನಕ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್! ತಮ್ಮ ಕಿರುಚಿತ್ರದ ಹುಡುಗರಿಗೆ ನಾನು ಹೇಳುವುದಿಷ್ಟೇ: ಮೂರು ನಾಲ್ಕು ಮಂದಿ ನಟರನ್ನು ಜೊತೆಗೆ ಇಟ್ಟುಕೊಳ್ಳಲಿ, ಕಾಲೇಜಿನ ನಾಟಕದಲ್ಲಿ ಅವರೊಂದಿಗೆ ದುಡಿಯಲಿ, ಒಂದೇ ಕೋಣೆಯ ಕಿಟಕಿಯ ಬೆಳಕನ್ನು ಬೆಳಗಿನಿಂದ ಸಂಜೆಯವರೆಗೆ ಗಮನಿಸಲಿ. ಕರಿ ನಿಲುವಂಗಿಯನ್ನು ಬಾಡಿಗೆ ಅಂಗಡಿಗೆ ಹಿಂತಿರುಗಿಸಲಿ.

ಇತರ ನಿರ್ದೇಶಕರ ಮೇಲಾದ ಪರಿಣಾಮದ ಪಟ್ಟಿ ಉದ್ದ. ನಾನು ಕೆಲವನ್ನು ಮಾತ್ರ ಹೇಳುತ್ತೇನೆ. 'ಸಮ್ಮರ್ ವಿತ್ ಮೋನಿಕಾ' ಚಿತ್ರದಲ್ಲಿ ಹ್ಯಾರಿಯೆಟ್ ಆ್ಯಂಡರ್ಸನ್ ಸಿಗರೇಟು ಹಚ್ಚಿ, ತಿರುಗಿ, ನೇರವಾಗಿ ಕ್ಯಾಮರಾವನ್ನು ದಿಟ್ಟಿಸುತ್ತಾಳೆ. ಹಿನ್ನೆಲೆ ಕತ್ತಲಾಗುತ್ತದೆ, ಅವಳು ಕಣ್ಣು ತೆಗೆಯುವುದಿಲ್ಲ. ಈ ನೋಟ ಫ್ರಾನ್ಸಿನಲ್ಲಿ 'ಹೊಸ ಅಲೆ' ಎಂಬ ಸಿನಿಮಾ ಚಳವಳಿಯನ್ನು ಹುಟ್ಟಿಸಿದ ಹುಡುಗರನ್ನು ಹಿಡಿದುಬಿಟ್ಟಿತು. ಗೊದಾರ್ 1958ರಲ್ಲಿ ಬರ್ಗ್‌ಮನ್ ಅವರನ್ನು ಹೊಗಳಿ ಲೇಖನ ಬರೆದರು, ತ್ರೂಫೋ ಅವರ ಮೊದಲ ಚಿತ್ರದಲ್ಲಿ ಹುಡುಗರು ಚಿತ್ರಮಂದಿರದಿಂದ ಕದಿಯುವುದು ಮೋನಿಕಾಳ ಫೋಟೋವನ್ನೇ. ವೆಸ್ ಕ್ರೇವನ್ ಅವರ 1972ರ ಕ್ರೂರ ಭಯಾನಕ ಚಿತ್ರ 'ದ ಲಾಸ್ಟ್ ಹೌಸ್ ಆನ್ ದ ಲೆಫ್ಟ್' ಕಥೆಯ ಎಲುಬು 'ದ ವರ್ಜಿನ್ ಸ್ಪ್ರಿಂಗ್' ಚಿತ್ರದ್ದು. ತಾರ್ಕೋವ್‌ಸ್ಕಿ ತಮ್ಮ ಕೊನೆಯ ಚಿತ್ರವನ್ನು ಗಾಟ್ಲಂಡ್ ದ್ವೀಪದಲ್ಲಿ, ಬರ್ಗ್‌ಮನ್ ಅವರ ಛಾಯಾಗ್ರಾಹಕ ಮತ್ತು ಅವರ ನಟ ಎರ್ಲಂಡ್ ಯೂಸೆಫ್ಸನ್ ಅವರೊಂದಿಗೆ ಮಾಡಿದರು. 2021ರಲ್ಲೂ 'ಸೀನ್ಸ್ ಫ್ರಮ್ ಎ ಮ್ಯಾರೇಜ್' ಅಮೆರಿಕದ ಟಿವಿಯಲ್ಲಿ ಹೊಸ ರೂಪ ತಾಳಿತು. ವಿರೋಧವೂ ಒಂದು ಬಗೆಯ ಪ್ರಭಾವವೇ. 1962ರಲ್ಲಿ ಬೂ ವೀಡರ್‌ಬರ್ಗ್ ಎಂಬ ಯುವ ನಿರ್ದೇಶಕ, ಮನುಷ್ಯ ಮತ್ತು ದೇವರ ನಡುವಿನ ಸಂಬಂಧವನ್ನೇ ನೋಡುತ್ತ ಕೂತ ಸಿನಿಮಾ ಸುತ್ತಲಿನ ಸಮಾಜವನ್ನು ಮರೆತಿದೆ ಎಂದು ಬರ್ಗ್‌ಮನ್ ಮೇಲೆ ಪುಸ್ತಕದಲ್ಲೇ ಹರಿಹಾಯ್ದರು, ಬೇರೆ ಬಗೆಯ ಸ್ವೀಡಿಷ್ ಸಿನಿಮಾಕ್ಕೆ ದಾರಿ ಮಾಡಿದರು. ಆ ಟೀಕೆಯಲ್ಲಿ ಹುರುಳಿದೆ. ವರ್ಗ, ಬಡತನ, ದುಡಿಮೆ ಬರ್ಗ್‌ಮನ್ ಅವರಿಗೆ ಹೆಚ್ಚಾಗಿ ಕಾಣಲಿಲ್ಲ.

ತಮ್ಮ ವಿದ್ಯಾರ್ಥಿಗಳಿಗೆ ಹೇಳಲು ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ತಮ್ಮ ಜಿಲ್ಲೆಯವರದೇ ಇದೆ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಯು.ಆರ್. ಅನಂತಮೂರ್ತಿಯವರು, ಕಾದಂಬರಿಕಾರರೂ ತಮ್ಮ ಅಧ್ಯಾಪಕರೂ ಆದ ಮಾಲ್ಕಮ್ ಬ್ರಾಡ್‌ಬರಿ ಅವರೊಂದಿಗೆ 'ದ ಸೆವೆಂತ್ ಸೀಲ್' ನೋಡಿದರು. ಯುರೋಪಿನವರು ತಮ್ಮ ಮಧ್ಯಯುಗವನ್ನು ಕಲ್ಪಿಸಿಕೊಂಡು ಕಟ್ಟಬೇಕು, ತಮ್ಮಂಥವರಿಗಾದರೋ ಹಲವು ಶತಮಾನಗಳು ಒಂದೇ ಮನೆಯಲ್ಲಿ, ಅಜ್ಜಿಯ ನೆನಪಿನಲ್ಲಿ, ಒಟ್ಟಿಗೆ ಬದುಕಿವೆ ಎಂಬ ಅರ್ಥದ ಮಾತನ್ನು ಅವರು ಹೇಳಿದಾಗ, ಅದನ್ನೇ ಬರೆಯಿರಿ ಎಂದು ಬ್ರಾಡ್‌ಬರಿ ಒತ್ತಾಯಿಸಿದರು. ಹುಟ್ಟಿದ್ದು 'ಸಂಸ್ಕಾರ'. ಅನಂತಮೂರ್ತಿಯವರು ಇದನ್ನು ತಾವೇ ಹಲವೆಡೆ ಹೇಳಿಕೊಂಡಿದ್ದಾರೆ. ಎರಡು ಕೃತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಪ್ಲೇಗು ಇದೆ, ನಂಬಿಕೆಯ ನೆಲ ಕುಸಿದ ಮನುಷ್ಯನಿದ್ದಾನೆ, ದಾರಿಯಲ್ಲಿ ಸಿಕ್ಕ ಸಾಮಾನ್ಯರ ಜೊತೆಗಿನ ಅಲೆದಾಟವಿದೆ. ಆದರೆ ಕಾದಂಬರಿಯ ದೂರ್ವಾಸಪುರದಲ್ಲಿ ಸಾವು ನಿಲುವಂಗಿ ತೊಟ್ಟು ಬರುವುದಿಲ್ಲ, ಅಗ್ರಹಾರದ ನಡುವೆ ಸಂಸ್ಕಾರವಿಲ್ಲದೆ ಕೊಳೆಯುವ ಹೆಣವಾಗಿ, ಮನೆಯೊಳಗೆ ಬಿದ್ದು ಸಾಯುವ ಇಲಿಗಳಾಗಿ ಬರುತ್ತದೆ. ಸ್ವೀಡನ್ನಿನ ಚಿತ್ರ ಮಲೆನಾಡಿನ ಲೇಖಕರನ್ನು ಅವರ ಅಗ್ರಹಾರಕ್ಕೇ ಕಳಿಸಿತು. ನಕಲಿಗೂ ಪ್ರಭಾವಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಆ ಕಾದಂಬರಿಯನ್ನು ಚಿತ್ರವಾಗಿಸಿದರು. ತಮ್ಮ ಸರಣಿಯಲ್ಲಿ ಏಳನೆಯ ಚಿತ್ರವಾಗಿ ಅದನ್ನು ಸೇರಿಸಿಕೊಳ್ಳಬಹುದು.

ವ್ಯಕ್ತಿಯ ಬಗೆಗಿನ ಆಕ್ಷೇಪಗಳಲ್ಲಿ ತೆರಿಗೆಯದು ಹಗುರ. 1976ರ ಜನವರಿ 30ರಂದು ಡ್ರಾಮಾಟೆನ್‌ನಲ್ಲಿ ಸ್ಟ್ರಿಂಡ್‌ಬರ್ಗ್ ನಾಟಕದ ತಾಲೀಮು ನಡೆಸುತ್ತಿದ್ದ ಬರ್ಗ್‌ಮನ್ ಅವರನ್ನು ಪೊಲೀಸರು ವಿಚಾರಣೆಗೆ ಕರೆದೊಯ್ದರು. ಮಾರ್ಚಿನಲ್ಲಿ ಆರೋಪಗಳನ್ನು ಕೈಬಿಡಲಾಯಿತು. ಅಷ್ಟರಲ್ಲಿ ಅವರು ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದ್ದರು, ಆಮೇಲೆ ದೇಶ ಬಿಟ್ಟು ಮ್ಯೂನಿಕ್‌ನಲ್ಲಿ ನೆಲೆಸಿದರು. ತೆರಿಗೆ ಕಳ್ಳ ಎಂಬುದು ಹಾಗಾಗಿ ತಪ್ಪು. ನಾಜಿ ವಿಷಯ ಅಷ್ಟು ಹಗುರವಲ್ಲ. 1934ರಲ್ಲಿ, 16ನೆಯ ವಯಸ್ಸಿನಲ್ಲಿ, ಜರ್ಮನಿಯ ಕುಟುಂಬವೊಂದರಲ್ಲಿ ಬೇಸಿಗೆ ಕಳೆದಾಗ ವೈಮಾರ್‌ನಲ್ಲಿ ಹಿಟ್ಲರನ ಸಭೆ ನೋಡಿ ಮರುಳಾದದ್ದನ್ನೂ, ವರ್ಷಗಳ ಕಾಲ ಅದೇ ಒಲವಿನಲ್ಲಿದ್ದುದನ್ನೂ, ಯಾತನಾ ಶಿಬಿರಗಳ ಸತ್ಯ ಹೊರಬಿದ್ದಾಗ ಆದ ಆಘಾತವನ್ನೂ ಅವರು 1987ರ ಆತ್ಮಕಥೆ 'ಲಾಟರ್ನಾ ಮ್ಯಾಜಿಕಾ'ದಲ್ಲಿ ತಾವೇ ಬರೆದಿದ್ದಾರೆ. ಐದು ಮದುವೆ, ಒಂಬತ್ತು ಮಕ್ಕಳು, ನಟಿಯರೊಂದಿಗಿನ ಸಂಬಂಧಗಳು, ಕೆಲಸದಲ್ಲಿ ಸಿಟ್ಟು ಮತ್ತು ದರ್ಪ ಇವೂ ಗುಟ್ಟಲ್ಲ. ಇವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಓದಿದ್ದೇ ಕೊನೆಯ ಮಾತಾಗುತ್ತದೆ. ಆದರೆ ಪ್ರತಿ ಚಿತ್ರದ ಚರ್ಚೆಯೂ ಇಲ್ಲಿಗೇ ಬಂದು ನಿಲ್ಲದಂತೆ, ಒಂದು ಗೋಷ್ಠಿಯನ್ನು ಇದಕ್ಕೆಂದೇ ಇಟ್ಟುಕೊಂಡರೆ ಮೇಲು. ಯುದ್ಧ ಬಂದಾಗ ಹೇಡಿಯೂ ಕ್ರೂರಿಯೂ ಆಗುವ ಕಲಾವಿದನ ಕಥೆಯಾದ 1968ರ 'ಶೇಮ್' ಚಿತ್ರ ಆ ಗೋಷ್ಠಿಗೆ ತಕ್ಕುದು.

ಕ್ರಮದ ವಿಷಯಕ್ಕೆ ಬಂದರೆ ತಮ್ಮೆದುರು ಮೂರು ದಾರಿಗಳಿವೆ. ಹೆಸರಾಂತ ಚಿತ್ರವೆಂದು 'ದ ಸೆವೆಂತ್ ಸೀಲ್' ಚಿತ್ರದಿಂದಲೇ ಶುರು ಮಾಡಿದರೆ ಜನ ಸೇರುತ್ತಾರೆ, ಆದರೆ ಸಾವು ತೆರೆಯ ಮೇಲೆ ಬಂದೊಡನೆ ಮೀಮ್ ನೆನಪಾಗಿ ಸಭೆಯಲ್ಲಿ ನಗು ಎದ್ದರೆ ಚಿತ್ರ ಚೇತರಿಸಿಕೊಳ್ಳುವುದು ಕಷ್ಟ. ಕಾಲಾನುಕ್ರಮದಲ್ಲಿ ಹೋದರೆ ಫಿಶರ್ ಅವರಿಂದ ನೈಕ್ವಿಸ್ಟ್ ಅವರವರೆಗಿನ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಆರಂಭದ ಚಿತ್ರಗಳಲ್ಲಿ ವಿಶೇಷವೇನಿದೆ ಎಂದು ಕೆಲವರು ಬಿಟ್ಟುಹೋಗಬಹುದು. ಮೂರನೆಯದು, ನಾನು ಇಷ್ಟಪಡುವ ದಾರಿ, 1978ರ 'ಆಟಮ್ ಸೊನಾಟಾ' ಚಿತ್ರದಿಂದ ಆರಂಭಿಸುವುದು. ಖ್ಯಾತ ಪಿಯಾನೋ ಕಲಾವಿದೆಯಾದ ತಾಯಿ ವರ್ಷಗಳ ಮೇಲೆ ಮಗಳ ಮನೆಗೆ ಬರುತ್ತಾಳೆ. ತಾಯಿ ಇಂಗ್ರಿಡ್ ಬರ್ಗ್‌ಮನ್, ಮಗಳು ಲಿವ್ ಉಲ್ಮನ್. ಮಗಳು ಶೋಪೆನ್‌ನ ಸಣ್ಣ ರಚನೆಯೊಂದನ್ನು ತಡವರಿಸುತ್ತ ನುಡಿಸುವಾಗ ಕ್ಯಾಮರಾ ತಾಯಿಯ ಮುಖವನ್ನು ನೋಡುತ್ತದೆ: ಕನಿಕರ, ಅಸಹನೆ, ಪಾಪಪ್ರಜ್ಞೆ ಒಂದರ ಮೇಲೊಂದು ಸುಳಿಯುತ್ತವೆ. ಆಮೇಲೆ ತಾಯಿ ಅದನ್ನೇ ನುಡಿಸುತ್ತಾಳೆ, ಮಗಳು ಪಕ್ಕದಲ್ಲಿ ಕೂತು ತಾಯಿಯನ್ನೇ ನೋಡುತ್ತಾಳೆ. ದೇವರ ಮೌನ ಅರ್ಥವಾಗದ ವಿದ್ಯಾರ್ಥಿಗೂ ಈ ಮುಖಗಳು ಅರ್ಥವಾಗುತ್ತವೆ. ಮುಖ ನೋಡಲು ಕಲಿತ ಮೇಲೆ 'ವೈಲ್ಡ್ ಸ್ಟ್ರಾಬೆರೀಸ್', 'ದ ಸೆವೆಂತ್ ಸೀಲ್', 'ವಿಂಟರ್ ಲೈಟ್', 'ಪರ್ಸೋನಾ', ಕೊನೆಗೆ 'ಫ್ಯಾನಿ ಆ್ಯಂಡ್ ಅಲೆಕ್ಸಾಂಡರ್' ಎಂಬ ಕ್ರಮ ಸಾಗುತ್ತದೆ. ಇದರಲ್ಲೂ ಅಪಾಯವಿದೆ. ತಾಯಿ ಮಗಳ ಆ ರಾತ್ರಿಯ ಜಗಳ ತೀರ ತೀಕ್ಷ್ಣವಾದ್ದರಿಂದ ಮನೆಯಲ್ಲಿ ಇಂಥದ್ದನ್ನು ಅನುಭವಿಸಿದ ವಿದ್ಯಾರ್ಥಿಗಳು ಕಲಕಿಹೋಗಬಹುದು. ಮೊದಲೇ ಒಂದು ಮಾತು ಹೇಳಿ, ಬೇಕೆನಿಸಿದವರು ಎದ್ದು ಹೋಗಬಹುದೆಂದು ತಿಳಿಸಿ.

'ಪರ್ಸೋನಾ' ಚಿತ್ರಕ್ಕೂ ಮುನ್ಸೂಚನೆ ಬೇಕು. ಅದರ ಆರಂಭದ ಚಿತ್ರಸರಣಿಯಲ್ಲಿ ಬೆಚ್ಚಿಬೀಳಿಸುವ ಚೂರುಗಳಿವೆ, ಲೈಂಗಿಕ ಅನುಭವವೊಂದರ ದೀರ್ಘ ಮಾತಿನ ವಿವರಣೆಯಿದೆ. 'ದ ಸೈಲೆನ್ಸ್' ಮತ್ತು 'ಕ್ರೈಸ್ ಆ್ಯಂಡ್ ವಿಸ್ಪರ್ಸ್' ಚಿತ್ರಗಳನ್ನು ಮೊದಲ ಸರಣಿಯಲ್ಲಿ ಬಿಡುವುದು ಲೇಸು. ತಾವು ಖುದ್ದಾಗಿ ಪೂರ್ತಿ ನೋಡದ ಯಾವ ಚಿತ್ರವನ್ನೂ ತೋರಿಸಬೇಡಿ. ಪ್ರಾಂಶುಪಾಲರ ಕೋಣೆಯಲ್ಲಿ ಉತ್ತರ ಹೇಳಬೇಕಾಗುವುದು ತಾವೇ.

ಇನ್ನು ಕೆಲವು ಸಣ್ಣ, ಆದರೆ ಚಿತ್ರವನ್ನೇ ಕೆಡಿಸಬಲ್ಲ ವಿಷಯಗಳು. 1950 ಮತ್ತು 60ರ ದಶಕಗಳ ಈ ಚಿತ್ರಗಳ ಚೌಕಟ್ಟು ಇಂದಿನಷ್ಟು ಅಗಲವಲ್ಲ. ಪ್ರೊಜೆಕ್ಟರ್ ಅದನ್ನು ತೆರೆಯ ತುಂಬ ಎಳೆದರೆ ಮುಖಗಳು ಉಬ್ಬಿ ವಿಕಾರವಾಗುತ್ತವೆ. ಮುಖವೇ ಮುಖ್ಯವಾದ ಚಿತ್ರಗಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಎರಡೂ ಬದಿಗೆ ಕಪ್ಪು ಪಟ್ಟಿ ಇರಲಿ. ಇಂಗ್ಲಿಷಿಗೆ ಡಬ್ ಆದ ಪ್ರತಿ ಬೇಡ, ಸ್ವೀಡಿಷ್ ದನಿಯೇ ಇರಲಿ. ಇಂಗ್ಲಿಷ್ ಸಬ್‌ಟೈಟಲ್ ವೇಗವಾಗಿ ಓದಲಾಗದ ವಿದ್ಯಾರ್ಥಿಗಳಿಗೆ ಕಥೆಯ ಸಾರವನ್ನು ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ಮೊದಲೇ ಹಂಚಿ. ಕಥೆ ಮೊದಲೇ ತಿಳಿದರೆ ಈ ಚಿತ್ರಗಳಿಗೆ ನಷ್ಟವಿಲ್ಲ. ಹಕ್ಕುಗಳ ಬಗ್ಗೆ ಹೇಳುವುದಾದರೆ, ಕಾಲೇಜಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಇಂಥವರಿಗಷ್ಟೇ ಸೀಮಿತವಾದ ಪ್ರದರ್ಶನಕ್ಕೆ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ವಿನಾಯಿತಿ ಇದೆ. ಊರಿನವರನ್ನೂ ಕರೆಯುವ ಯೋಚನೆಯಿದ್ದರೆ ಹಕ್ಕುದಾರರ ಒಪ್ಪಿಗೆ ಬೇಕು, ಆಗ ಫಿಲ್ಮ್ ಸೊಸೈಟಿಗಳ ಒಕ್ಕೂಟವನ್ನು ಮೊದಲೇ ವಿಚಾರಿಸಿ.

ಕೊನೆಯ ಚಿತ್ರದ ಬಗ್ಗೆ ಒಂದು ತೀರ್ಮಾನ ಈಗಲೇ ಮಾಡಿಕೊಳ್ಳಿ. 'ಫ್ಯಾನಿ ಆ್ಯಂಡ್ ಅಲೆಕ್ಸಾಂಡರ್' ಎರಡು ರೂಪಗಳಲ್ಲಿದೆ: ಚಿತ್ರಮಂದಿರಗಳಿಗೆ ಬಂದದ್ದು 3 ಗಂಟೆ ಮೀರಿದರೆ, ಟಿವಿಗಾಗಿ ಮಾಡಿದ್ದು 5 ಗಂಟೆ ಮೀರುತ್ತದೆ. ಸಮಯದ ದೃಷ್ಟಿಯಿಂದ ಎಲ್ಲರೂ ಚಿಕ್ಕದನ್ನು ಆರಿಸುತ್ತಾರೆ. ನಾನಾದರೆ ದೊಡ್ಡದನ್ನೇ ಎರಡು ಶನಿವಾರಗಳಿಗೆ ಹಂಚಿ ತೋರಿಸುತ್ತೇನೆ. ಕ್ರಿಸ್‌ಮಸ್ ಹಬ್ಬದ ತುಂಬುಮನೆಯ ಗದ್ದಲ, ಮಕ್ಕಳಿಗೆ ಕಥೆ ಹೇಳುವ ತಂದೆ, ರಂಗಮಂದಿರದ ಹಿಂಬದಿಯ ಬದುಕು ಅದರಲ್ಲಿ ಸಾವಕಾಶವಾಗಿ ಬರುತ್ತವೆ. ಬರ್ಗ್‌ಮನ್ ಅವರಲ್ಲಿ ವಿಷಾದ ಬಿಟ್ಟು ಬೇರೇನಿದೆ ಎಂದ ತಮ್ಮ ಹಿರಿಯ ಸಹೋದ್ಯೋಗಿಯನ್ನು ಮೊದಲ ಶನಿವಾರ ತಪ್ಪದೆ ಕರೆಯಿರಿ.